ಆರು ಮಂದಿ ಕೂಡಿ ಕೋಟೆ ನೋಡಿದ್ದು

ಮನುಷ್ಯನ ನಾಗರಿಕತೆ ಬೀಗದಿಂದ ಶುರುವಾಯಿತೆಂಬುದು ನನ್ನ ದೃಢವಾದ ನಂಬಿಕೆ. ಬಾಗಿಲು ಎಳೆದುಕೊಂಡು, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿರುಗಿ ನೋಡದೆ ಹೊರಟವನೇ ಜಗತ್ತಿನ ಮೊದಲ ನಾಗರಿಕ. ನಮ್ಮ ಮನೆಗೆ ಈ ನಾಗರಿಕತೆ ಬಹಳ ತಡವಾಗಿ ಬಂತು. ಅದೂ ಪಕ್ಕದ ಮನೆಯಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದದ್ದು.

ಆ ಮನೆ ಬೀದರಿನ ಹಳೆಯ ಊರಿನಲ್ಲಿ, ಚೌಬಾರಾ ಗೋಪುರದಿಂದ ಎರಡು ಓಣಿ ಒಳಗಿತ್ತು. ಕೆಂಪು ಕಲ್ಲಿನ ಗೋಡೆ, ಒಂದು ಪಡಸಾಲೆ, ಒಂದು ನಡುಮನೆ, ಹೊಗೆ ಹಿಡಿದು ಕರ್ರಗಾದ ಒಂದು ಅಡುಗೆಮನೆ. ಇಷ್ಟರಲ್ಲಿ ನಾವು ಆರು ಮಂದಿ: ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಅಪ್ಪ, ಅವ್ವ, ಎಂಟು ವರ್ಷದ ನಾನು, ಐದರ ತಮ್ಮ ಬಸು, ಎರಡೂವರೆಯ ತಂಗಿ ಮುನ್ನಿ. ಏಳನೆಯವರಾಗಿ ಯಾರಾದರೂ ನೆಂಟರು ಇದ್ದೇ ಇರುತ್ತಿದ್ದರು. ಅಪ್ಪನ ಕಡೆಯವರು ಔರಾದಿನವರು, ಅಪ್ಪನ ಅಕ್ಕನನ್ನು ಕೊಟ್ಟದ್ದು ಖಟಕ ಚಿಂಚೋಳಿಗೆ, ಅವ್ವನ ತವರು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಮೆಹಕರ. ಈ ಮೂರೂ ಊರಿನವರು ಜ್ವರ ಬಂದರೆ, ಕೋರ್ಟಿನ ತಾರೀಖು ಬಂದರೆ, ಮದುವೆಯ ಸೀರೆ ಬೇಕಾದರೆ ಬೀದರಿಗೆ ಬರಬೇಕು. ಬೀದರಿಗೆ ಬಂದರೆ ನಮ್ಮ ಮನೆಗೆ ಬರಬೇಕು. ಬರುತ್ತೇವೆಂದು ಮುಂಚಿತವಾಗಿ ಕಾರ್ಡು ಬರೆಯುವ ಶಿಸ್ತು ಅವರಿಗೆ ಇತ್ತು. ಅವರು ಬಂದು, ಉಂಡು, ಮಲಗಿ, ಊರಿಗೆ ಹಿಂತಿರುಗಿದ ಮೂರನೆಯ ದಿನ ಆ ಕಾರ್ಡು ಬಂದು ಮುಟ್ಟುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ಅಪ್ಪನ ಚಿಕ್ಕಪ್ಪನ ಮಗ ಮಾಣಿಕ ಕಾಕಾ ಮತ್ತು ಅವರ ಹೆಂಡತಿ ಶಾಂತಾ ಕಾಕು. ಕಾಕಾನ ಹಲ್ಲು ಒಂದೊಂದಾಗಿ ಕೆಡುತ್ತಿದ್ದವು. ಒಂದು ಸಲಕ್ಕೆ ಒಂದೇ ಹಲ್ಲು ಕೀಳಿಸುವುದು ಅವರ ನಿಯಮವಾಗಿತ್ತು. ಐದು ಹಲ್ಲು ಹೋಗಿದ್ದವು. ಉಳಿದ ಬಾಯಿ ಇನ್ನೂ ನಮ್ಮ ಮುಂದಿತ್ತು.

ಈ ಸಂಚಾರಕ್ಕೆಲ್ಲ ಆಯಿಯ ಒಂದು ಶಾಸನವಿತ್ತು. ಮನೆಯ ಬಾಗಿಲಿಗೆ ಬೀಗ ಬೀಳಕೂಡದು. ಯಾರೇ ಬರಲಿ, ಒಲೆಯ ಮುಂದೆ ಒಬ್ಬರು ಇರಬೇಕು. ಹಾಗಾಗಿ ನಮ್ಮಲ್ಲಿ ಬೀಗವೇ ಇರಲಿಲ್ಲ. ಎಲ್ಲರೂ ಕೂಡಿ ಹೊರಗೆ ಹೋಗುವ ಮಾತೂ ಇರಲಿಲ್ಲ. ನಮ್ಮ ವಿಹಾರಗಳೆಲ್ಲ ಪಾಳಿಯ ಮೇಲೆ ನಡೆಯುತ್ತಿದ್ದವು. ಒಂದು ರವಿವಾರ ಅಪ್ಪನ ಜೊತೆ ನಾನು, ಇನ್ನೊಂದು ರವಿವಾರ ಬಸು, ಅಮಾವಾಸ್ಯೆಗೆ ಆಯಿ. ಆಯಿಯ ಕಣ್ಣಿಗೆ ಪೊರೆ ಬಂದು ಒಲೆಯ ಮುಂದೆ ಕೂಡುವುದು ಆಗುತ್ತಿರಲಿಲ್ಲವಾದ್ದರಿಂದ, ಮನೆಯಲ್ಲಿ ಉಳಿಯುವ ಪಾಳಿ ಮಾತ್ರ ಪ್ರತಿ ಸಲ ಅವ್ವನದೇ. ಕೋಟೆ ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆ. ಒಂಬತ್ತು ವರ್ಷದ ಸಂಸಾರದಲ್ಲಿ ಅವ್ವ ಅದರ ಗೋಡೆಯನ್ನು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವಾಗ ಮಾತ್ರ ನೋಡಿದ್ದಳು. ಆದರೂ, ಅಪ್ಪನ ಅಕ್ಕ ಬಂದು ಒಲೆ ನೋಡಿಕೊಳ್ಳುವ ಪಂಚಮಿಗೆ ಮೆಹಕರಕ್ಕೆ ಹೋದಾಗಲೆಲ್ಲ ಅಕ್ಕತಂಗಿಯರ ಮುಂದೆ ಕೋಟೆಯ ಒಳಗಿನ ವರ್ಣನೆ ಮಾಡುತ್ತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲವಾದ್ದರಿಂದ ವರ್ಣನೆಗೆ ಯಾವ ಅಡ್ಡಿಯೂ ಇರಲಿಲ್ಲ. ಅಲ್ಲಿ ಸಾವಿರ ಕನ್ನಡಿಯ ಒಂದು ಮಹಲು ಇತ್ತು, ಕಲ್ಲಿನ ಆನೆಗಳು ಸಾಲುಗಟ್ಟಿ ನಿಂತಿದ್ದವು, ರಾಣಿಯ ಸ್ನಾನದ ಹೌದಿನಲ್ಲಿ ಈಗಲೂ ಗುಲಾಬಿಯ ವಾಸನೆ ಬರುತ್ತಿತ್ತು. ನಾನು ಕೋಟೆಯನ್ನು ಕಣ್ಣಾರೆ ನೋಡಿದವಳು. ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ. ಅವ್ವನ ಕೋಟೆಯೇ ಹೆಚ್ಚು ಚೆನ್ನಾಗಿತ್ತು.

ಈ ವ್ಯವಸ್ಥೆ ಬಹುಶಃ ನಾನು ಮದುವೆಯಾಗಿ ಹೋಗುವವರೆಗೂ ನಡೆಯುತ್ತಿತ್ತು. ಅದಕ್ಕೆ ಧಕ್ಕೆ ತಂದವನು ಬಸು. ಒಂದು ಶನಿವಾರ ಮಧ್ಯಾಹ್ನ ಅವನು ಅಪ್ಪನ ಹಳೆಯ ಕಾಗದದ ಹಿಂಬದಿಗೆ ಚಿತ್ರ ಬರೆದು ತಂದು ತೋರಿಸಿದ. ಕೋಟೆ, ಅದರ ಮುಂದೆ ದೊಡ್ಡದಾಗಿ ಅಪ್ಪ, ಆಯಿ, ನಾನು, ಅವನು, ಅಪ್ಪನ ಹೆಗಲ ಮೇಲೆ ಮುನ್ನಿ. ಕಾಗದದ ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ದೊಡ್ಡ ಒಂದು ಹೆಣ್ಣು, ಪಕ್ಕದಲ್ಲಿ ಒಂದು ಒಲೆ. ಅಪ್ಪ ಚಿತ್ರವನ್ನು ಕಂದೀಲಿನ ಗಾಜು ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು ನೋಡಿದ. ಮಕ್ಕಳ ಚಿತ್ರದಲ್ಲಿಯೂ ತಪ್ಪು ಬಿಡುವ ಮನುಷ್ಯನಲ್ಲ.

“ಇದು ಯಾರೋ?”

“ಅವ್ವ.”

“ಅವ್ವ ಇಷ್ಟ್ ಸಣ್ಣಾಕಿ ಹ್ಯಾಂಗೋ? ನಿನಕಿಂತ ಸಣ್ಣಾಕಿ ಅದಾಳೇನು?”

“ನೀವೇ ಹೇಳೀರಲ್ಲ ಅಪ್ಪಾ, ದೂರ ಇದ್ದಿದ್ದು ಸಣ್ಣದು ತಗೀಬೇಕಂತ. ಅವ್ವ ದೂರ ಇದ್ದಾಳ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಚಿತ್ರವನ್ನು ಮುಟ್ಟದೆ, ಬಗ್ಗಿ ನೋಡಿದಳು.

“ಛಲೋ ತಗದಾನ. ಒಲಿ ಅಂತೂ ಥೇಟ್ ನಮ್ದೇ ಅದ,” ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಾಳಿಗಿ ನಾನೂ ಕ್ವಾಟಿಗಿ ಬರ್ತೇನ್ರಿ. ಎಲ್ಲಾರೂ ಕೂಡಿ ಹೋಗಾಮು. ಆರೂ ಮಂದಿ,” ಅಂದಳು.

ಪಡಸಾಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಆಯಿಯ ಕೈ ನಿಂತಿತು.

“ಮತ್ತ ಮನ್ಯಾಗ ಯಾರು ಇರ್ತಾರ?”

“ಯಾರೂ ಇರಂಗಿಲ್ಲ. ಕೀಲಿ ಹಾಕಾಮು.”

“ನಾ ಇರಾತನಕ ಈ ಬಾಗಿಲಕ ಕೀಲಿ ಬೀಳಂಗಿಲ್ಲ, ಇಂದೂಬಾಯಿ.”

ಸೊಸೆಯ ಹೆಸರಿಗೆ ಬಾಯಿ ಸೇರಿಸಿ ಕರೆದರೆ ಆಯಿಗೆ ಸಿಟ್ಟು ಬಂದಿದೆ ಎಂದರ್ಥ. ಅವ್ವನಿಗೆ ಸಿಟ್ಟು ಬಂದರೆ ಕನ್ನಡ ಬಿಟ್ಟು ಮರಾಠಿಗೆ ಹೋಗುತ್ತಿದ್ದಳು. “ಅಸ್ಸಂ ಕಾ?”, ಹಾಗೇನು, ಎಂದಷ್ಟೇ ಅಂದು ಒಳಗೆ ಹೋದಳು. ಇಡೀ ಸಂಜೆ ನಮ್ಮ ಮನೆಯಲ್ಲಿ ಉಪ್ಪು, ನೀರು, ಚಹಾ ಎಲ್ಲವನ್ನೂ ಮರಾಠಿಯಲ್ಲಿ ಕೊಡಲಾಯಿತು. ಆಯಿಗೆ ಮರಾಠಿ ಅವ್ವನಷ್ಟೇ ಬರುತ್ತಿತ್ತು. ಆದರೆ ಆ ದಿನ ಅವಳಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅಪ್ಪ ಎರಡು ರಾಷ್ಟ್ರಗಳ ನಡುವಿನ ಗಡಿಯಂತೆ ಹೊಸ್ತಿಲ ಮೇಲೆ ಕೂತಿದ್ದ. ನಾವು ಮಕ್ಕಳು ಯುದ್ಧಕಾಲದ ಪ್ರಜೆಗಳ ಹಾಗೆ ಹೇಳಿಸಿಕೊಳ್ಳದೆ ಕೈಕಾಲು ತೊಳೆದುಕೊಂಡು ಪಾಟಿ ಹಿಡಿದು ಕೂತೆವು.

ಊಟಕ್ಕೆ ಕೂತಾಗ ಅವ್ವನೇ ಮತ್ತೆ ಕನ್ನಡಕ್ಕೆ ಬಂದಳು. ದನಿ ಏರಿಸಲಿಲ್ಲ.

“ಅತ್ತಿ, ಪಾವಣೇರು ನೆಂಟ್ರು ಬಂದ್ರ ಬ್ಯಾಡ ಅಂದೇನೇನ್ರಿ ನಾ ಎಂದಾದ್ರೂ? ಒಂಬತ್ತ್ ವರ್ಷ ಆಯ್ತು. ಹೊತ್ತಿಲ್ಲ ಗೊತ್ತಿಲ್ಲ, ಬಂದೋರಿಗಿ ಬಿಸಿ ರೊಟ್ಟಿ ಹಾಕೇನಿ. ಒಂದ್ ದಿನ ಕೇಳ್ತೇನಿ. ಒಂದೇ ದಿನ. ನೀವೂ ಬರ್ರಿ. ನಿಮ್ಮನ್ನ ಬಿಟ್ಟು ಹೋಗಾಮು ಅಂತ ನಾ ಅಂದಿಲ್ಲ.”

ಆಯಿ ತುತ್ತನ್ನು ತಟ್ಟೆಗೆ ಇಳಿಸಿದಳು. ಆಗ ಅವಳು ಹೇಳಿದ್ದನ್ನು ಅಪ್ಪ ಕೂಡ ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಪ್ಪ ಮೂರು ತಿಂಗಳ ಕೂಸಾಗಿದ್ದಾಗ ಮೈಯೆಲ್ಲ ಗುಳ್ಳೆ ಎದ್ದಿದ್ದವಂತೆ. ತನ್ನ ತವರಾದ ಖಟಕ ಚಿಂಚೋಳಿಯಿಂದ ಭಾಲ್ಕಿಯ ವೈದ್ಯರಿಗೆ ತೋರಿಸಲು ಆಯಿ ಒಬ್ಬಳೇ ಕೂಸನ್ನು ಕಟ್ಟಿಕೊಂಡು ನಡೆದು ಬಂದು, ಭಾಲ್ಕಿಯ ಸಂಬಂಧಿಕರ ಬಾಗಿಲಿಗೆ ಹೋದರೆ, ಬಾಗಿಲಿಗೆ ಬೀಗ.

“ಕಟ್ಟಿ ಮ್ಯಾಗ ಕುಂತೆ. ಈಗ ಬರ್ತಾರ, ಆಗ ಬರ್ತಾರ. ಹಾಲ್ ಬತ್ತಿ ಹೋದ್ವು, ಕೂಸ ಅಳ್ಲಾಕತ್ತು. ದೀಪ ಹಚ್ಚೋ ಹೊತ್ತ ಆಯ್ತು. ಬಾಜೂಕಿನವರಿಗಿ ಕೇಳ್ದರ, ಎಲ್ಲಿ ಹೋಗ್ಯಾರೋ ಯಾರಿಗಿ ಗೊತ್ತವ್ವ ಅಂದ್ರು. ಅವರು ಎರಡ್ ಮನಿ ಆಚೀಕ ಸತ್ಯನಾರಾಯಣ ಪೂಜಾಕ ಹೋಗಿದ್ರಂತ! ನನಗೇನ್ ಗೊತ್ತು? ಕೀಲಿಗಿ ಏನ್ ಬಾಯಿ ಅದೇನು ಹೇಳ್ಲಾಕ?”

ತನಗಾಗಿ ಯಾರೋ ಇಷ್ಟು ಕಷ್ಟಪಟ್ಟಿದ್ದರೆಂದು ನಲವತ್ತನೆಯ ವಯಸ್ಸಿನ ಹತ್ತಿರ ತಿಳಿದ ಮನುಷ್ಯನ ಮುಖ ಹೇಗಿರುತ್ತದೆಂದು ಆ ದಿನ ನೋಡಿದೆ. ಆದರೆ ಅಪ್ಪ ಕಸುಬಿನಿಂದ ಡ್ರಾಯಿಂಗ್ ಮಾಸ್ತರ. ಸ್ವಲ್ಪ ಹೊತ್ತಿನಲ್ಲೇ ಅವನ ಕಣ್ಣಲ್ಲಿ ಬೇರೆ ಬೆಳಕು ಬಂತು.

“ಅಂದ್ರ, ಆಯಿ, ಕೀಲಿ ಹಾಕಿದ್ದಕ್ಕಲ್ಲ ನಿನಗ ಸಿಟ್ಟು. ಎಲ್ಲಿ ಹೋಗ್ಯಾರ ಅಂತ ತಿಳೀಲಿಲ್ಲ, ಅದಕ.”

“ಎರಡೂ ಒಂದೇ.”

“ಒಂದೇ ಅಲ್ಲ. ಬಾಗಿಲ ಮ್ಯಾಗ ನಾ ನಕ್ಷಾ ತಗೀತೇನಿ. ಯಾರೇ ಬರ್ಲಿ, ಎಲ್ಲಿ ಹೋಗೇವಿ, ಹ್ಯಾಂಗ ಬರಬೇಕು, ಎಲ್ಲಾ ಅದರಾಗ ಇರ್ತದ.”

ಆಯಿ ಬಹಳ ಹೊತ್ತು ಯೋಚಿಸಿದಳು. ಕಡೆಗೆ ಒಂದು ಷರತ್ತು ಹಾಕಿದಳು: ಓದಲು ಬಾರದವರಿಗೂ ಅದು ತಿಳಿಯಬೇಕು. ಅಪ್ಪನಿಗೆ ಇನ್ನೇನು ಬೇಕಿತ್ತು? ಇಷ್ಟು ವರ್ಷ ಹುಡುಗರಿಗೆ ಹೂಜಿ ಮತ್ತು ಬಾಳೆಹಣ್ಣು ಬರೆಯಲು ಕಲಿಸಿದ ಕೈಗೆ ಮೊದಲ ಸಲ ಒಂದು ಜವಾಬ್ದಾರಿಯ ಕೆಲಸ ಬಂದಿತ್ತು.

ರವಿವಾರ ಬೆಳಿಗ್ಗೆ ಅಪ್ಪ ಬೀಗಕ್ಕಾಗಿ ಪಕ್ಕದ ಮನೆಯ ರಾಬಿಯಾ ಖಾಲಾನ ಬಾಗಿಲಿಗೆ ಹೋದ. ನಾನು ಅವನ ಹಿಂದೆ ನಿಂತಿದ್ದೆ. ಅವರೂ ಅಂದು ಹುಮನಾಬಾದಿನ ಮದುವೆಗೆ ಹೊರಟಿದ್ದರು. ಇಲ್ಲದಿದ್ದರೆ ನಮ್ಮ ನೆಂಟರನ್ನು ಅವರೇ ನೋಡಿಕೊಳ್ಳುತ್ತಿದ್ದರು. ಅಪ್ಪ ಬೀಗ ಎಂಬ ಪದವನ್ನು ಹೆಂಡದಂಗಡಿಯ ವಿಳಾಸ ಕೇಳುವವನಂತೆ ತಗ್ಗಿದ ದನಿಯಲ್ಲಿ ಉಚ್ಚರಿಸಿದ.

“ಅರೇ ಮಾಸ್ಟರ್ ಸಾಬ್, ತಾಲಾ ಕೇಳ್ಲಾಕ ಇಷ್ಟ್ ಶರಮ್ ಯಾಕ್ರಿ?” ಖಾಲಾ ನಕ್ಕು, ಸಂದೂಕದಿಂದ ತೆಂಗಿನಕಾಯಿಯಷ್ಟು ದೊಡ್ಡ ಹಿತ್ತಾಳೆ ಬೀಗ ತೆಗೆದುಕೊಟ್ಟರು. ಆಮೇಲೆ ನಮ್ಮ ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ ಕೂಗಿದರು, “ಇಂದೂ! ಹಸಿರು ಸೀರಿ ಉಟ್ಕೋ ಮಾ! ಪೆಟಗ್ಯಾಗ ಇಟ್ಟು ಯಾರಿಗಿ ತೋರಸ್ತಿ?”

ಅವ್ವ ಹಸಿರು ಸೀರೆಯನ್ನೇ ಉಟ್ಟಳು. ಬೆಳಗಿನ ಜಾವವೇ ಎದ್ದು ಖಾರದ ಪೂರಿ, ಆಲೂಗಡ್ಡೆ ಪಲ್ಯ, ಮೊಸರನ್ನ ಮಾಡಿ ಡಬ್ಬಿ ಕಟ್ಟಿದ್ದಳು. ಅಪ್ಪ ಎರಡು ತಾಸು ಬಾಗಿಲಿನ ಜೊತೆ ಕಳೆದಿದ್ದ. ನಮ್ಮ ಓಣಿ, ಚೌಬಾರಾದ ಗುಂಡು ಗೋಪುರ, ಅಲ್ಲಿಂದ ಹೆಜ್ಜೆ ಗುರುತುಗಳ ಸಾಲು, ಕೋಟೆಯ ಬಾಗಿಲು, ಆ ಬಾಗಿಲ ಮೇಲೆ ಇರುವ ಎರಡು ಹುಲಿ, ಒಳಗೆ ಒಂದು ದೊಡ್ಡ ಬೇವಿನ ಮರ, ಮರದ ಕೆಳಗೆ ಆರು ತಲೆ. ಹುಲಿಗಳಿಗೆ ಅವನು ಕೊಟ್ಟ ರೋಷವನ್ನು ಕೋಟೆ ಕಟ್ಟಿಸಿದವರೂ ಕೊಟ್ಟಿರಲಿಲ್ಲ. ಕೆಳಗೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಒಂದೇ ವಾಕ್ಯವನ್ನು ಬರೆದಿದ್ದ. ಅವ್ವ ಮುನ್ನಿಗೆ ಜಡೆ ಹಾಕುವುದರಲ್ಲಿದ್ದಳು, ಓದಲಿಲ್ಲ. ಓದಿದ್ದರೆ ಆಗಲೇ ಒರೆಸುತ್ತಿದ್ದಳು. ಆ ವಾಕ್ಯವನ್ನು ಆಯಿ ಹೇಳಿ ಬರೆಸಿದ್ದಳು: “ನಾವು ಇಲ್ಲಿ ಇದ್ದೇವೆ. ಊಟ ಇದೆ. ಬನ್ನಿ.”

ಕೋಟೆಯ ದಾರಿಯಲ್ಲಿ ಅವ್ವ ಎಲ್ಲರಿಗಿಂತ ಮುಂದೆ ನಡೆದಳು. ಆಯಿಯ ಕೈ ನನ್ನ ಹೆಗಲ ಮೇಲಿತ್ತು, ಮುನ್ನಿ ಅಪ್ಪನ ಮೇಲಿದ್ದಳು, ಬಸು ಡಬ್ಬಿಯ ಮೇಲೆ ಕಣ್ಣಿಟ್ಟಿದ್ದ. ಒಂದು ಬಾಗಿಲು ದಾಟಿದೆವು, ಇನ್ನೊಂದು ದಾಟಿದೆವು, ಮೂರನೆಯದನ್ನೂ ದಾಟಿದೆವು. ಒಳಗೆ ಬಂದಮೇಲೆ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು, ಬಾಡಿಗೆಗೆ ಮನೆ ನೋಡಲು ಬಂದವಳಂತೆ ಸುತ್ತಲೂ ದೃಷ್ಟಿ ಹರಿಸಿದಳು.

“ಆನಿ ಎಲ್ಲಿ ಅವಾ ರೀ?”

“ಯಾವ ಆನಿ?” ಅಂದ ಅಪ್ಪ.

“ಹೋಗ್ಲಿ ಬಿಡ್ರಿ.” ಸ್ವಲ್ಪ ಹೊತ್ತಿನ ಮೇಲೆ, “ಕನ್ನಡಿ ಮಹಲೂ ಇಲ್ಲ, ಹೌದಲ್ಲ?”

“ಕನ್ನಡಿ ಇಲ್ಲ. ಮುತ್ತಿನ ಚಿಪ್ಪಿನ ಕೆಲಸ ಅದ. ಕರೀ ಕಲ್ಲಿನಾಗ ಕೂಡ್ಸಿದ್ದು.”

“ಚಿಪ್ಪು ನಡೀತದ,” ಎಂದು ಅವ್ವ ಉದಾರವಾಗಿ ಒಪ್ಪಿಕೊಂಡಳು. ಕೋಟೆಯ ಕೊರತೆಗಳನ್ನು ಅವಳು ಒಂದೊಂದಾಗಿ ಕ್ಷಮಿಸುತ್ತ ನಡೆದಳು. ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ನಿಶ್ಚಿಂತೆ ಇತ್ತು. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಕೇಳಿದರೂ ಕೊಡಲು ಅವಳ ಹತ್ತಿರ ಅಲ್ಲಿ ಏನೂ ಇರಲಿಲ್ಲ. ಬೇವಿನ ಮರದ ಕೆಳಗೆ ಜಮಖಾನ ಹಾಸಿದೆವು. ಅವ್ವ ಕಾಲು ಚಾಚಿ ಕೂತಳು. ಅವ್ವ ಕಾಲು ಚಾಚುತ್ತಾಳೆಂಬುದೇ ನನಗೆ ಹೊಸ ಸಂಗತಿ. ಮೊದಲ ಡಬ್ಬಿಯ ಮುಚ್ಚಳ ತೆರೆದಿದ್ದಳಷ್ಟೇ, ದೂರದಿಂದ ಒಂದು ದನಿ ಬಂತು.

“ಅಣ್ಣಾ! ಹುಲಿ ಭಾಳ ಛಲೋ ತಗದೀರಿ!”

ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡು ಮಾಣಿಕ ಕಾಕಾ ಬರುತ್ತಿದ್ದರು. ಸೋಮವಾರ ಕೀಳಿಸಬೇಕಾದ ಆರನೆಯ ಹಲ್ಲು ಅವರಿಗಿಂತ ಮುಂಚೆ ಬರುತ್ತಿತ್ತು ಎನ್ನಬೇಕು. ಕೆನ್ನೆ ಅಷ್ಟು ಊದಿತ್ತು. ಹಿಂದೆ ಗಂಟು ಹೊತ್ತ ಶಾಂತಾ ಕಾಕು.

“ಒಂದ್ ಕಡೀನೂ ದಾರಿ ತಪ್ಪಲಿಲ್ಲ ನೋಡ್ರಿ,” ಎಂದು ಕಾಕಾ ಊದಿದ ಬಾಯಿಯಲ್ಲೇ ವರದಿ ಒಪ್ಪಿಸಿದರು. “ಮತ್ತ ಊಟ ಇದೆ ಅಂತ ಬರದದ್ದೂ ಓದಿದೆ. ಮೂರೂ ಸಲ ಓದಿದೆ.”

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಆಯಿಯನ್ನು ನೋಡಿದ. ಆಯಿ ಆಕಾಶವನ್ನು ನೋಡಿದಳು. ಅವ್ವ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿ ಒತ್ತಿ, ಚಾಚಿದ ಕಾಲು ಮಡಚಿ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮನೆಯಲ್ಲಿ ದಿನಕ್ಕೆ ಹತ್ತು ಸಲ ನೋಡಿದ ಆ ಕೈ ಸನ್ನೆ ಆ ಮರದ ಕೆಳಗೂ ಬಂತು.

“ಆರ್ ಮಂದೀಗಿ ಮಾಡಿದ್ದು ಎಂಟ್ ಮಂದೀಗಿ ಸಾಲಂಗಿಲ್ಲ. ನಾ ಮನಿಗಿ ಹೋಗಿ ರೊಟ್ಟಿ ಬಡಿತೇನಿ,” ಅಂದಳು. “ನೀವು ಮಕ್ಕಳಿಗಿ ತೋರ್ಸಕೊಂಡು ನಿಧಾನ ಬರ್ರಿ. ಚಾವಿ ಕೊಡ್ರಿ ಇಲ್ಲಿ.”

ಸಿಟ್ಟಿರಲಿಲ್ಲ, ಅಳು ಇರಲಿಲ್ಲ, ಅಭ್ಯಾಸವಿತ್ತು, ಅಷ್ಟೇ. ಅಪ್ಪ ಜೇಬಿಗೆ ಕೈ ಹಾಕಿದವನು ಹಾಗೇ ನಿಂತ. ಬಸು ಅವ್ವನ ಸೀರೆ ಹಿಡಿದು ಎಳೆಯತೊಡಗಿದ. ಆಗ ಶಾಂತಾ ಕಾಕು ತಲೆಯ ಮೇಲಿನ ಗಂಟನ್ನು ಜಮಖಾನದ ನಟ್ಟನಡುವೆ ದೊಪ್ಪೆಂದು ಇಳಿಸಿದರು.

“ಎಲ್ಲಿ ಹೊಂಟೀರಿ ಅಕ್ಕಾ? ಕೂಡ್ರಿ. ಇದರಾಗೇನ್ ಕಲ್ ತಂದೀನೇನು ನಾ?”

ಈ ಗಂಟಿನ ಕುರಿತು ಒಂದು ಮಾತು ಹೇಳಬೇಕು. ಔರಾದಿನಿಂದ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಬುತ್ತಿ ಕಟ್ಟಿಕೊಂಡೇ ಬಸ್ಸು ಹತ್ತುತ್ತಾರೆ. ಆದರೆ ಬಂದವರ ಬುತ್ತಿ ಬಿಚ್ಚಿಸಿದರೆ ಮನೆಯವರಿಗೆ ಅವಮಾನ. ಆದ್ದರಿಂದ ಅವ್ವ ಬಿಸಿ ರೊಟ್ಟಿಯನ್ನೇ ಬಡಿಯುತ್ತಿದ್ದಳು, ಕಾಕುವಿನ ಬುತ್ತಿ ಗಂಟಾಗಿಯೇ ಮೂಲೆಯಲ್ಲಿ ಕೂತು, ಮರುದಿನ ಓಣಿಯ ಎಮ್ಮೆಗೆ ಹೋಗುತ್ತಿತ್ತು. ಈ ಗೌರವವನ್ನು ಎರಡೂ ಕಡೆಯವರು ವರ್ಷಗಟ್ಟಲೆ ಒಂದು ಮಾತಾಡದೆ ನಡೆಸಿಕೊಂಡು ಬಂದಿದ್ದರು.

“ಎಷ್ಟ್ ವರ್ಷ ಆಯ್ತು ಅಕ್ಕಾ, ನಾ ನಸಿಕಿನ್ಯಾಗ ಎದ್ದು ರೊಟ್ಟಿ ಬಡಕೊಂಡು ಬರ್ತೇನಿ,” ಕಾಕು ಗಂಟು ಬಿಚ್ಚುತ್ತಲೇ ಹೇಳಿದರು. “ನಿಮ್ಮ ಓಣಿ ಎಮ್ಮಿಗಿ ನನ್ನ ಕೈ ರುಚಿ ಗೊತ್ತದ, ನಿಮಗ ಗೊತ್ತಿಲ್ಲ. ಇವತ್ತೊಂದ್ ದಿನ ಮನಶೇರು ತಿನ್ರಿ.”

“ಅದ್ ಹ್ಯಾಂಗ ಆಗ್ತದ ಶಾಂತಾ, ಬಂದೋರ ಬುತ್ತಿ...”

“ಬಂದೋರು ಯಾರು ಇಲ್ಲಿ? ಈ ಕ್ವಾಟಿ ನಿಮ್ಮ ಮನೀ ಏನು? ನಾವೂ ಬಂದೋರು, ನೀವೂ ಬಂದೋರು.”

ಅವ್ವ ಆಯಿಯ ಕಡೆ ನೋಡಿದಳು. ಶಾಸನ ಮಾಡಿದವಳು ಅಲ್ಲೇ ಕೂತಿದ್ದಳು. ತಿದ್ದುಪಡಿ ಮಾಡುವ ಅಧಿಕಾರವೂ ಅವಳದೇ. ಆಯಿ ಕೈ ಮುಂದೆ ಚಾಚಿದಳು. ಕಾಕು ಅದರ ಮೇಲೆ ಒಂದು ಗರಿಗರಿ ಕಟಕ ರೊಟ್ಟಿ, ಅದರ ಮೇಲೆ ಪುಂಡಿ ಪಲ್ಯ, ಪಕ್ಕಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟರು. ಆಯಿ ಒಂದು ತುಂಡು ಮುರಿದು ಬಾಯಿಗೆ ಹಾಕಿ, ಇದ್ದ ಕೆಲವೇ ಹಲ್ಲುಗಳಿಂದ ಸಾವಕಾಶವಾಗಿ ಅಗಿದಳು. ಅಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ, ಕಾಕಾನ ಹೊರತು. ಅವರು ಹಲ್ಲುನೋವಿನಿಂದ ಬಾಯಿ ತೆರೆದೇ ಇದ್ದರು.

“ಉಪ್ಪು ಜರಾ ಹೆಚ್ಚಾಗ್ಯದ,” ಅಂದಳು ಆಯಿ. “ಇಂದೂ, ಕೂಡು. ಶಾಂತಾ ನೀಡ್ತಾಳ.”

ಅವ್ವ ಕೂತಳು. ಕಾಕು ಅವಳ ತಟ್ಟೆಗೆ ಬಡಿಸಿದರು. ತಟ್ಟೆ ಮುಂದೆ ಬಂದಮೇಲೂ ಅವ್ವ ತಿನ್ನಲು ಸ್ವಲ್ಪ ತಡಮಾಡಿದಳು. ಯಾರಿಗೋ ನೀರು ಬೇಕೇನೋ, ಯಾರ ತಟ್ಟೆ ಖಾಲಿ ಇದೆಯೇನೋ ಎಂದು ಕಣ್ಣು ಸುತ್ತ ಹುಡುಕಿತು. ಎಲ್ಲರ ತಟ್ಟೆ ತುಂಬಿತ್ತು. ಆಮೇಲೆ ತಿಂದಳು. ನಮ್ಮವ್ವ ಹಗಲು ಬೆಳಕಿನಲ್ಲಿ, ಎಲ್ಲರ ಜೊತೆ ಕೂತು, ಇನ್ನೊಬ್ಬರು ಬಡಿಸಿದ್ದನ್ನು ಉಣ್ಣುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ. ಅವಳು ಬಹಳ ಜಲ್ದಿ ಉಣ್ಣುತ್ತಾಳೆ ಎಂದು ತಿಳಿಯಿತು. ಎರಡನೆಯ ರೊಟ್ಟಿಗೆ ಆ ಅವಸರ ಇಳಿಯಿತು. ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು. ಮುಂದೆ ದೊಡ್ಡವಳಾಗಿ ಕಚೇರಿಗಳಲ್ಲಿ, ಮನೆಗಳಲ್ಲಿ, ಕಲ್ಲಿನ ಮೇಲೆ ಕೆತ್ತಿದಂಥ ಎಷ್ಟೋ ನಿಯಮಗಳ ಎದುರು ನಿಂತಿದ್ದೇನೆ. ಅವುಗಳ ಹಿಂದೆ ಎಲ್ಲೋ ಒಬ್ಬರು ಕಟ್ಟೆಯ ಮೇಲೆ ಕಾಯುತ್ತ ಕೂತಿರಬಹುದೆಂದು ಮೊದಲು ವಿಚಾರಿಸುವ ಚಟ ನನಗೆ ಹತ್ತಿದ್ದು ಆ ಎರಡು ದಿನಗಳಿಂದ.

ಉಳಿದ ಮಧ್ಯಾಹ್ನ ಶಾಂತಿಯಿಂದ ಕಳೆಯಿತು. ಕಾಕಾ ಮೊಸರನ್ನವಷ್ಟನ್ನೂ ಒಬ್ಬರೇ ಮುಗಿಸಿ, ಆರೋಗ್ಯದ ಕಾರಣ ಹೇಳಿ ಮಲಗಿದರು. ಅಪ್ಪ ಮುನ್ನಿಯ ಕೈ ಹಿಡಿದು ಕಮಾನುಗಳ ಕೆಳಗೆ ಅವಳ ಹೆಸರು ಕೂಗಿಸಿ ಪ್ರತಿಧ್ವನಿ ಕೇಳಿಸಿದ. ಗೋಡೆಯೊಳಗೆ ಇನ್ನೊಬ್ಬ ಮುನ್ನಿ ಇದ್ದಾಳೆ, ಅವಳನ್ನೂ ಮನೆಗೆ ಕರೆದೊಯ್ಯಬೇಕು ಎಂದು ಅವಳು ಹಟ ಹಿಡಿದಳು. ಅವ್ವ, ಆಯಿ, ಕಾಕು, ನಾನು ಬಸುವನ್ನು ಕಟ್ಟಿಕೊಂಡು ಬುರುಜಿನ ಮೇಲೆ ಹತ್ತಿದೆವು. ಕೆಳಗೆ ತಗ್ಗಿನ ಬಯಲು, ಹೊಲಗಳು, ಬಿಸಿಲಿನಲ್ಲಿ ಮಸುಕಾದ ಊರುಗಳು.

“ಅಗೋ ಔರಾದ,” ಎಂದು ಆಯಿ ಪೊರೆ ಬಂದ ಕಣ್ಣಿನಿಂದ ದೃಢವಾಗಿ ತೋರಿಸಿದಳು.

“ಹೌದ್ರಿ ಅತ್ತಿ, ಕಾಣ್ತದ,” ಅಂದಳು ಅವ್ವ. ಅಲ್ಲಿ ಏನೂ ಕಾಣುತ್ತಿರಲಿಲ್ಲ. “ಮತ್ತ ಈ ಕಡಿ ಮೆಹಕರ.”

“ಕಾಣ್ತದ, ಕಾಣ್ತದ,” ಅಂದಳು ಆಯಿ. “ನಿಮ್ಮಪ್ಪನ ಬಾವಿ ಸುದ್ದಾ ಕಾಣ್ತದ.”

ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಇಲ್ಲದ ಊರುಗಳನ್ನು ಒಬ್ಬರಿಗೊಬ್ಬರು ತೋರಿಸುತ್ತ ಬಹಳ ಹೊತ್ತು ಕಳೆದರು. ಕಾಕು ನನಗೆ ಕಣ್ಣು ಹೊಡೆದರು. ತಾವೂ ಇಷ್ಟು ವರ್ಷದಲ್ಲಿ ಬೀದರಿನಲ್ಲಿ ನೋಡಿದ್ದು ನಮ್ಮ ಅಡುಗೆಮನೆ ಮತ್ತು ಹಲ್ಲಿನ ಡಾಕ್ಟರ ಬಾಗಿಲು ಎರಡನ್ನೇ ಎಂದು ಇಳಿಯುವಾಗ ಹೇಳಿದರು.

ಕಾಕಾನ ಆರನೆಯ ಹಲ್ಲು ಸೋಮವಾರ ಹೋಯಿತು. ಆ ವಾರವೇ ಅಪ್ಪ ಪೇಟೆಗೆ ಹೋಗಿ ಮನೆಗೊಂದು ಬೀಗ ತಂದ. ಮುಂದಿನ ಒಂದು ವರ್ಷದಲ್ಲಿ ನಾವು ಆರೂ ಮಂದಿ ಕೂಡಿ ಗುಮ್ಮಟಗಳಿರುವ ಅಷ್ಟೂರಿಗೆ ಒಂದು ಸಲ, ಭಾಲ್ಕಿಗೆ ಒಂದು ಸಲ, ಔರಾದಿಗೆ ಎರಡು ಸಲ ಹೋಗಿ ಬಂದೆವು.